ಗುಡಿಬಂಡೆಯೋ, ಚಿಕ್ಕಬಳ್ಳಾಪುರವೋ?

ಪ್ರಶ್ನೆ: ಸರ್, ನನಗೆ 58 ವರ್ಷ, ನಮ್ಮ ಯಜಮಾನರಿಗೆ 64. ಇಪ್ಪತ್ತು ವರ್ಷದಿಂದ ಯಲಹಂಕದಲ್ಲಿ ಬಾಡಿಗೆ ಮನೆ. ಕೈಯಲ್ಲಿ 55 ಲಕ್ಷ ಇದೆ. ಬೆಟ್ಟದ ಹತ್ತಿರ ಒಂದು ಸ್ವಂತ ಮನೆ ಬೇಕು ಅಂತ ಆಸೆ. ಎರಡು ನೋಡಿದ್ದೇವೆ. ಒಂದು, ಚಿಕ್ಕಬಳ್ಳಾಪುರದಿಂದ ನಂದಿ ಕಡೆ ಹೋಗುವಾಗ ಸಿಗುವ ಹೊಸ ಲೇಔಟಿನ ಮನೆ. ಬಾಗಿಲು ತೆಗೆದರೆ ನಂದಿಬೆಟ್ಟ ಕಾಣುತ್ತೆ. ಇನ್ನೊಂದು, ಗುಡಿಬಂಡೆ ಕೋಟೆ ಕೆಳಗಿನ ಹಳೇ ಮನೆ, ಅರ್ಧ ರೇಟು. ಗುಡಿಬಂಡೆ ನನ್ನ ತವರು. ಯಜಮಾನರಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಮಗ ಪುಣೆಯಲ್ಲಿದ್ದಾನೆ. ಯಾವುದು ತಗೊಳ್ಳೋಣ?
– ಓದುಗರು, ಯಲಹಂಕ

ಉತ್ತರ: ಅಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಬೆಟ್ಟ, ತವರು, ರೇಟು ಎಲ್ಲ ಬರೆದಿದ್ದೀರಿ. ನೀರಿನ ಬಗ್ಗೆ ಒಂದು ಮಾತೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಮನೆ ತಗೊಳ್ಳುವವರು ಮೊದಲು ಕೇಳಬೇಕಾದದ್ದು ಅದನ್ನೇ.

ನಂದಿಯ ಸಾಲಿನಲ್ಲಿ ಅರ್ಕಾವತಿ ಹುಟ್ಟುತ್ತೆ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುತ್ತವೆ. ಹಾಗಿದ್ದೂ ವರ್ಷವಿಡೀ ಹರಿಯುವ ಒಂದು ಹೊಳೆ ನಮಗಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದೆ ಅಂದರೆ ಇಲ್ಲಿ ಯಾರೂ ಹುಬ್ಬೇರಿಸೋದಿಲ್ಲ. ಅಷ್ಟು ಆಳದ ನೀರಿನಲ್ಲಿ ಫ್ಲೋರೈಡ್ ಇರೋದು ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಕುದಿಸಿದರೆ ಹೋಗುತ್ತೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹೋಗೋದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ. ಹಾಗಾಗಿ ಎರಡೂ ಮನೆಯಿಂದ ಒಂದೊಂದು ಬಾಟ್ಲಿ ನೀರು ತಂದು ಪರೀಕ್ಷೆ ಮಾಡಿಸಿ. ಮೇ ತಿಂಗಳ ನೀರೇ ಆಗಬೇಕು. ಮಳೆಗಾಲದಲ್ಲಿ ಇಲ್ಲಿಗೆ ಬಂದವರಿಗೆ ಎಲ್ಲವೂ ಹಸಿರಾಗಿ ಕಾಣುತ್ತೆ, ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಏಪ್ರಿಲ್‌ನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುವಾಗ ಗೊತ್ತಾಗುತ್ತೆ.

ಚಿಕ್ಕಬಳ್ಳಾಪುರ ಪೇಟೆಗೆ ಜಕ್ಕಲಮಡಗು ಜಲಾಶಯದ ನೀರು ಬರುತ್ತೆ. ನೀವು ನೋಡಿರುವ ಲೇಔಟಿಗೆ ಆ ಪೈಪು ಮುಟ್ಟಿದೆಯಾ? ಬ್ರೋಕರ್ ಮಾತು ಬೇಡ. ಪಕ್ಕದ ಮನೆಯ ಹೆಂಗಸರನ್ನು ಕೇಳಿ. ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಅನ್ನೋದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರೋದಿಲ್ಲ. ಕಂದವಾರ ಕೆರೆ ತುಂಬಿದೆ, ಇನ್ನೇನು ಚಿಂತೆ ಅಂತಲೂ ಹೇಳುತ್ತಾರೆ. ಅದಕ್ಕೆ ಹರಿಸುತ್ತಿರುವುದು ಎಚ್.ಎನ್. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಬಿಟ್ಟದ್ದು. ಮೂರನೇ ಹಂತವೂ ಆಗಬೇಕು ಅಂತ ನಮ್ಮ ಜನ ಹೋರಾಡುತ್ತಿದ್ದಾರೆ. ಕೆರೆ ತುಂಬಿದ್ದು ಸಂತೋಷವೇ. ಆದರೆ ಅದನ್ನು ಕುಡಿಯುವ ನೀರಿನ ಲೆಕ್ಕಕ್ಕೆ ತಗೊಳ್ಳಬೇಡಿ.

ಇನ್ನು ಆ ಲೇಔಟು. ಇಲ್ಲಿ ನನ್ನದೇ ಕಥೆ ಹೇಳಬೇಕು. ನಾನು ಮೂವತ್ತೊಂದು ವರ್ಷ ಪತ್ರ ಬರಹಗಾರನಾಗಿದ್ದೆ. ಸಾವಿರಾರು ಕ್ರಯಪತ್ರ ಬರೆದಿದ್ದೇನೆ. 2009ರಲ್ಲಿ ನನಗೂ ಒಂದು ಸೈಟ್ ಬೇಕು ಅನ್ನಿಸಿ, ಬೆಟ್ಟದ ಕೆಳಗಿನ ಒಂದು ಬಡಾವಣೆಯಲ್ಲಿ ತಗೊಂಡೆ. ಇಸಿ, ಅಂದರೆ ಆಸ್ತಿಯ ಮೇಲಿನ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ, ತೆಗೆಸಿದೆ. ಭೂ ಪರಿವರ್ತನೆ ಆದೇಶ ನೋಡಿದೆ, ಎಲ್ಲ ಸರಿಯಿತ್ತು. ಗ್ರಾಮ ನಕ್ಷೆ ಮಾತ್ರ ತೆಗೆಸಲಿಲ್ಲ. 2021ರ ನವೆಂಬರ್ ಮಳೆ ನಿಮಗೂ ನೆನಪಿರಬೇಕು. ಬೆಟ್ಟದ ನೀರೆಲ್ಲ ನೇರ ನನ್ನ ಸೈಟಿನ ಮೇಲೆ ಇಳಿಯಿತು. ಹಿಂದಿನ ಕಾಂಪೌಂಡ್ ಕೊಚ್ಚಿಹೋಯಿತು. ಆಮೇಲೆ ನಕ್ಷೆ ತೆಗೆಸಿದರೆ, ಅಲ್ಲೊಂದು ಹಳ್ಳ ಗೆರೆ ಎಳೆದ ಹಾಗೆ ಕಾಣುತ್ತಿದೆ. ಮಣ್ಣು ತುಂಬಿ ಅದರ ಮೇಲೆ ಸೈಟ್ ಮಾಡಿದ್ದರು. ಆ ದಿನ ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ಅವಳ ಒಡವೆ ಮಾರಿ ತಗೊಂಡ ಸೈಟು ಅದು. ಇವತ್ತಿಗೂ ಖಾಲಿ ಇದೆ. ಬೇರೆಯವರಿಗೆ ಮಾರಲು ನನಗೆ ಮನಸ್ಸು ಬರಲಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ನಂದಿಬೆಟ್ಟದ ರಸ್ತೆಯ ಮೇಲೇ ಮಣ್ಣು ಕುಸಿದಿತ್ತು. ಬಾಗಿಲು ತೆಗೆದರೆ ಬೆಟ್ಟ ಅಂದಿರಲ್ಲ, ಆ ಬೆಟ್ಟದ ನೀರು ಎಲ್ಲಿ ಇಳಿದು ಯಾವ ಕೆರೆಗೆ ಹೋಗುತ್ತೆ ಅಂತ ನಕ್ಷೆ ಹಿಡಿದು ನಡೆದು ನೋಡಿ.

ಜಮೀನಿನ ಮೂಲವನ್ನೂ ನೋಡಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನಾಗಿದ್ದರೆ, 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿ ಆದಮೇಲೆ, ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಇದು ಸರಿಯಾದ ಕಾನೂನೇ. ಆ ಜನಕ್ಕೆ ಆದ ಮೋಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಗೊತ್ತಿಲ್ಲದೆ ತಗೊಂಡರೆ ನಿಮ್ಮ 55 ಲಕ್ಷ ಹೋಗುತ್ತೆ. ಇಸಿ ಆನ್‌ಲೈನಿನಲ್ಲಿ 2004ರಿಂದ ಈಚೆಗೆ ಸಿಗುತ್ತೆ, ಅಷ್ಟಕ್ಕೇ ನಿಲ್ಲಿಸಬೇಡಿ. ಹಳೇ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ), ಮಂಜೂರಾತಿ ದಾಖಲೆ ತಾಲ್ಲೂಕು ಕಚೇರಿಯಲ್ಲಿ ತೆಗೆಸಿ. ನಂದಿಬೆಟ್ಟಕ್ಕೆ ರೋಪ್‌ವೇ ಬರುತ್ತೆ, ರೇಟು ಎರಡರಷ್ಟಾಗುತ್ತೆ ಅಂತ ಯಾರಾದರೂ ಅವಸರ ಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದರ ಶಂಕುಸ್ಥಾಪನೆ ಆಗಿದ್ದು 2023ರಲ್ಲಿ. ನೀವು ವಾಸಕ್ಕೆ ತಗೊಳ್ಳುತ್ತಿರೋದು, ಅಲ್ವಾ? ಶನಿವಾರ, ಭಾನುವಾರ ಬೆಳಗಿನ ಜಾವ ಆ ರಸ್ತೆಯಲ್ಲಿ ಒಮ್ಮೆ ಓಡಾಡಿ. ಬೆಂಗಳೂರಿನಿಂದ ಸೂರ್ಯೋದಯ ನೋಡಲು ಬರುವ ಗಾಡಿಗಳ ಸಾಲಿನಲ್ಲಿ ಆಂಬುಲೆನ್ಸ್ ಹೇಗೆ ಹೋಗುತ್ತೆ ಅಂತ ನೋಡಿ. ನಿಮ್ಮ ಯಜಮಾನರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ಈಗ ಗುಡಿಬಂಡೆ. ಆ ಊರು ನನಗೂ ಇಷ್ಟ. ಕೋಟೆ ಹತ್ತಿ ನಿಂತು ಬೈರಸಾಗರ ಕೆರೆ ನೋಡುತ್ತಾ ಎಷ್ಟೋ ಸಂಜೆ ಕಳೆದಿದ್ದೇನೆ. ಬಂಡೆ ಮೇಲೆ ಬಿದ್ದ ಮಳೆ ನೀರನ್ನು ಒಂದರಿಂದ ಒಂದಕ್ಕೆ ಇಳಿಸಿ ಹಿಡಿಯುವ ದೊಣೆಗಳು ಅಲ್ಲಿವೆ. ಪಾಳೇಗಾರ ಬೈರೇಗೌಡನ ಕಾಲದ್ದು. ನಿಮ್ಮ ತವರಿನ ಹಿರಿಯರಿಗೆ ನೀರಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಯಾರನ್ನಾದರೂ ಹೆಸರು ಹಿಡಿದು ಕೂಗುವಷ್ಟು ಸಣ್ಣ ಊರು. ಅಲ್ಲಿ ಬೆಳೆದವರಿಗೆ ಆ ಸೆಳೆತ ಇದ್ದೇ ಇರುತ್ತೆ.

ಆದರೂ ಈಗ ಬೇಡ ಅಂತಲೇ ಹೇಳುತ್ತೇನೆ. ರೈಲು ಇಲ್ಲ. ಹೆದ್ದಾರಿ ಹಿಡಿಯಬೇಕಾದರೆ ಪೇರೇಸಂದ್ರಕ್ಕೆ ಬರಬೇಕು, ಅಲ್ಲಿಂದ ಮತ್ತೆ ಚಿಕ್ಕಬಳ್ಳಾಪುರ. ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದರೆ ಗಾಡಿ ಓಡಿಸುವವರು ಯಾರು? ಮಗ ಪುಣೆಯಲ್ಲಿದ್ದಾನೆ. ಆ ಕಡೆ ಕಲ್ಲು ಕ್ವಾರಿಗಳೂ ಇವೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಬಂಡೆ ಒಡೆಯುವ ಜಿಲೆಟಿನ್ ಕಡ್ಡಿ ಸಿಡಿದು ಆರು ಜನ ಸತ್ತರು. ಹಳೇ ಮನೆಯ ಗೋಡೆಯಲ್ಲಿ, ಕಿಟಕಿ ಮೂಲೆಗಳಲ್ಲಿ ಬಿರುಕು ಇದೆಯಾ ನೋಡಿ. ಅರ್ಧ ರೇಟಿನ ಮನೆಗೆ ರಿಪೇರಿ ಎಷ್ಟಾಗುತ್ತೆ ಅಂತ ಮೇಸ್ತ್ರಿ ಹತ್ತಿರ ಲೆಕ್ಕ ಹಾಕಿಸಿ.

ನನ್ನ ಕೇಳಿದರೆ, ಆ ಎರಡೂ ಬೇಡ. ಚಿಕ್ಕಬಳ್ಳಾಪುರ ಪೇಟೆಯೊಳಗೇ, ನಗರಸಭೆ ನಲ್ಲಿ ಇರುವ ಹಳೇ ಬೀದಿಯಲ್ಲಿ ಮನೆ ಹುಡುಕಿ. ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಇದೆ, ಯಲಹಂಕಕ್ಕೆ ರೈಲಿದೆ. ನಿಮ್ಮ ಹಳೇ ಡಾಕ್ಟರ ಹತ್ತಿರವೇ ಚೆಕಪ್‌ಗೆ ಹೋಗಿ ಬರಬಹುದು. ಬೆಟ್ಟ ಬಾಗಿಲಿಂದ ಕಾಣದಿದ್ದರೂ ತಾರಸಿಯಿಂದ ಕಾಣುತ್ತೆ. ಮೊದಲು ಮಾರ್ಚ್‌ನಿಂದ ಜೂನ್‌ವರೆಗೆ ಅಲ್ಲೇ ಬಾಡಿಗೆಗೆ ಇದ್ದು ನೋಡಿ. ನಾಲ್ಕು ತಿಂಗಳ ಬಾಡಿಗೆ ದೊಡ್ಡದಲ್ಲ. ತವರಿಗೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಬರಬಹುದು.

ಮನೆ ಸಿಕ್ಕಮೇಲೆ ಇ-ಖಾತೆ, ಅಂದರೆ ಆಸ್ತಿಯ ಕಂಪ್ಯೂಟರ್ ಖಾತೆ, ಕೇಳಿ, ಅದಿಲ್ಲದೆ ಈಗ ನೋಂದಣಿ ಆಗೋದಿಲ್ಲ. ಪತ್ರ ಇಬ್ಬರ ಹೆಸರಿಗೂ ಮಾಡಿಸಿ. ಕರಡನ್ನು ಮನೆಗೆ ತಂದು ಗಟ್ಟಿಯಾಗಿ ಓದಿಸಿಕೊಳ್ಳಿ. ಆಮೇಲೆ ಅದನ್ನು ಹಿಡಿದುಕೊಂಡು ಹೋಗಿ, ಚಕ್ಕುಬಂದಿಯ, ಅಂದರೆ ಪತ್ರದಲ್ಲಿ ಬರೆದ ಗಡಿಯ, ನಾಲ್ಕೂ ದಿಕ್ಕನ್ನು ಜಾಗದಲ್ಲೇ ನಿಂತು ತಾಳೆ ನೋಡಿ.