ಮುಖ ಆಮೇಲೆ, ಮೊದಲು ಅಂಚು ನೋಡಿ

ನಿಮ್ಮ ಪ್ರಶ್ನೆ ಇಷ್ಟು. ಅಜ್ಜನ ತಗಡಿನ ಡಬ್ಬಿಯಲ್ಲಿ ನಾಣ್ಯದ ಹಾಗೆ ಕಾಣುವ ಏಳೆಂಟು ಬಿಲ್ಲೆಗಳು ಸಿಕ್ಕಿವೆ. ನಾಣ್ಯ ಕೂಡಿಡುವ ಗೆಳೆಯರೊಬ್ಬರು "ಇವು ನಾಣ್ಯವೇ ಅಲ್ಲ, ಬಿಸಾಕಿ" ಅಂದಿದ್ದಾರೆ. ಒಂದಕ್ಕೆ ತೂತಿದೆ, ಅದರ ಮೇಲೆ ಬರೀ 117 ಅಂತಿದೆ. ಏನು ಮಾಡಲಿ, ಇವಕ್ಕೆ ಬೆಲೆ ಎಷ್ಟು?

ಬಿಸಾಡಬೇಡಿ. ನಾಣ್ಯ ಅಲ್ಲ ಅನ್ನೋದು ನಿಜವೇ ಇರಬಹುದು. ಆದರೆ ನಾನು ಹದಿನೈದು ವರ್ಷದಿಂದ ಕೂಡಿಡುತ್ತಿರುವುದು ಇಂಥ ನಾಣ್ಯವಲ್ಲದ ಬಿಲ್ಲೆಗಳನ್ನೇ. ಟೋಕನ್, ಪದಕ, ಲೆಕ್ಕದ ಬಿಲ್ಲೆ, ರೈಲು ಹತ್ತಲು ಕೊಡುತ್ತಿದ್ದ ಬಿಲ್ಲೆ, ಎಲ್ಲವೂ. ಈ ಹವ್ಯಾಸಕ್ಕೆ ಎಕ್ಸೋನ್ಯೂಮಿಯಾ ಅಂತ ಒಂದು ಹೆಸರಿದೆ. 1960ರಲ್ಲಿ ರಸೆಲ್ ರುಲಾವ್ ಎಂಬ ಅಮೆರಿಕದವರು ಕಟ್ಟಿದ ಪದ ಅದು. ನಾಲಿಗೆ ಹೊರಳೋದಿಲ್ಲ, ಅದಕ್ಕೇ ನಾನು ಬಿಲ್ಲೆ ಅಂತಲೇ ಅಂದುಕೊಂಡಿದ್ದೇನೆ.

ನಾಣ್ಯಕ್ಕೂ ಬಿಲ್ಲೆಗೂ ಇರುವ ವ್ಯತ್ಯಾಸ ಇಷ್ಟೇ: ನಾಣ್ಯದ ಹಿಂದೆ ಸರ್ಕಾರ ಇರುತ್ತದೆ, ಬಿಲ್ಲೆಯ ಹಿಂದೆ ಯಾರದೋ ಒಂದು ಮಾತು ಇರುತ್ತದೆ. 18ನೇ ಶತಮಾನದ ಕೊನೆಯ ಬ್ರಿಟನ್ ನೋಡಿ. ಅಲ್ಲಿ ತಾಮ್ರದ ಚಿಲ್ಲರೆಗೆ ವಿಪರೀತ ಬರ. ಟಂಕಸಾಲೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕೂಲಿ ಕೊಡೋಣ ಅಂದರೆ ಚಿಲ್ಲರೆ ಇಲ್ಲ. ವೇಲ್ಸ್‌ನ ಆಂಗಲ್ಸಿ ದ್ವೀಪದ ಪ್ಯಾರಿಸ್ (Parys, ಫ್ರಾನ್ಸಿನ ಪ್ಯಾರಿಸ್ ಅಲ್ಲ) ಮೈನ್ ಕಂಪನಿಯದು ತಾಮ್ರದ ಗಣಿ. ಕೈಯಲ್ಲೇ ತಾಮ್ರ ಇರುವಾಗ ಯಾಕೆ ಕಾಯಬೇಕು ಅಂತ 1787ರಲ್ಲಿ ತನ್ನದೇ ಪೆನ್ನಿ ಹೊಡೆಸಿತು. ಒಂದು ಕಡೆ ಓಕ್ ಎಲೆಗಳ ಹಾರದ ನಡುವೆ ಡ್ರೂಯಿಡ್ ಪೂಜಾರಿಯ ಮುಖ. ಇನ್ನೊಂದು ಕಡೆ, ತಂದವರಿಗೆ ಒಂದು ಪೆನ್ನಿ ಕೊಡುತ್ತೇವೆ ಎಂಬ ವಾಗ್ದಾನ. ಎಲ್ಲಿ ಕೊಡುತ್ತಾರೆ? ಅದು ಎರಡೂ ಮುಖದ ಮೇಲಿಲ್ಲ. ಅಂಚಿನಲ್ಲಿದೆ, ಅಂದರೆ ಬಿಲ್ಲೆಯ ದಪ್ಪ ಕಾಣುವ ಬದಿಯಲ್ಲಿ: ಲಂಡನ್, ಲಿವರ್‌ಪೂಲ್ ಅಥವಾ ಆಂಗಲ್ಸಿಯಲ್ಲಿ, ಕೇಳಿದ ಕೂಡಲೇ.

ಅದನ್ನು ನೋಡಿ ಬೇರೆ ಊರಿನ ವ್ಯಾಪಾರಿಗಳೂ ಶುರು ಮಾಡಿದರು. ಸಾವಿರಾರು ಬಗೆ ಬಂದವು. ಜನ ಕೂಡಿಡಲು ಮುಗಿಬಿದ್ದರು. ಆಗ ಮಾಡುವವರು ಏನು ಮಾಡಿದರು ಗೊತ್ತಾ? ಒಂದು ಟೋಕನ್ನಿನ ಮುಂದಿನ ಅಚ್ಚಿಗೆ ಇನ್ನೊಂದರ ಹಿಂದಿನ ಅಚ್ಚು ಜೋಡಿಸಿ, 'ಅಪರೂಪದ್ದು' ಅಂತ ಸಂಗ್ರಾಹಕರಿಗೇ ಮಾರಿದರು. ನಮ್ಮಂಥವರನ್ನು ಯಾಮಾರಿಸೋದು ಇವತ್ತಿನ ವಿದ್ಯೆ ಅಲ್ಲ! ಬಟ್ಟೆ ವ್ಯಾಪಾರಿ ಜೇಮ್ಸ್ ಕಾಂಡರ್ 1798ರಲ್ಲಿ ಇವನ್ನೆಲ್ಲ ಪಟ್ಟಿ ಮಾಡಿದ. ಹಾಗಾಗಿ ಇವತ್ತಿಗೂ ಇವು ಕಾಂಡರ್ ಟೋಕನ್. ಅಷ್ಟರಲ್ಲಿ, 1797ರಲ್ಲೇ, ಬರ್ಮಿಂಗ್‌ಹ್ಯಾಮಿನ ಕಾರ್ಖಾನೆದಾರ ಮ್ಯಾಥ್ಯೂ ಬೋಲ್ಟನ್ ಸರ್ಕಾರಕ್ಕಾಗಿ ದಪ್ಪ ತಾಮ್ರದ ಪೆನ್ನಿ ಹೊಡೆದುಕೊಟ್ಟಿದ್ದ, ಖಾಸಗಿ ಟೋಕನ್‌ಗಳ ಕಾಲ ಮುಗಿಯುತ್ತಾ ಬಂದಿತ್ತು.

ಆದ್ದರಿಂದ ಡಬ್ಬಿ ತೆಗೆದಾಗ ಮೊದಲು ಅಂಚು ನೋಡಿ. ಹೊಸಬರು ಯಾರೂ ನೋಡುವುದಿಲ್ಲ. ನಾನೂ ಮೊದಲೆರಡು ವರ್ಷ ನೋಡಿರಲಿಲ್ಲ.

ಯುದ್ಧದ ಪದಕ ಇದ್ದರಂತೂ ಅಂಚೇ ಎಲ್ಲ. ವಾಟರ್‌ಲೂ ಯುದ್ಧದ ಪದಕದಲ್ಲಿ ಸಾಮಾನ್ಯ ಸೈನಿಕನ ಹೆಸರನ್ನೂ ಅಂಚಿನಲ್ಲಿ ಒತ್ತಿದ್ದರು. ಮೊದಲ ಮಹಾಯುದ್ಧದ ಬ್ರಿಟಿಷ್ ಬೆಳ್ಳಿ ಪದಕದ ಅಂಚಿನಲ್ಲಿ ನಂಬರು, ದರ್ಜೆ, ಹೆಸರು, ಪಡೆ ಎಲ್ಲ ಇರುತ್ತವೆ. ಮುಖದಿಂದ ನೋಡಿದರೆ ಲಕ್ಷಾಂತರ ಪದಕಗಳು ಒಂದೇ ಥರ. ಅಂಚು ತಿರುಗಿಸಿದರೆ ಅದು ಒಬ್ಬನದು ಮಾತ್ರ. ಮೋಸ ಆಗೋದೂ ಇಲ್ಲೇ. ಹಳೆ ಹೆಸರು ಉಜ್ಜಿ ತೆಗೆದು, ಹೆಸರುವಾಸಿ ಪಡೆಯವನ ಹೆಸರು ಕೆತ್ತುತ್ತಾರೆ. ಆದರೆ ಉಜ್ಜಿದ ಮೇಲೆ ಪದಕ ಕೂದಲೆಳೆಯಷ್ಟು ಸಣ್ಣದಾಗಲೇಬೇಕಲ್ವಾ? ಅದಕ್ಕೇ ನಾವು ಅಗಲ ಅಳೆಯುವ ಕ್ಯಾಲಿಪರ್ ಇಟ್ಟುಕೊಂಡು ಓಡಾಡೋದು.

ಇನ್ನು ಪ್ಯಾರಿಸ್ ಟಂಕಸಾಲೆಯ ಪದಕಗಳು. ಇವು ನನಗೆ ಅತಿ ಇಷ್ಟ. 1832ರಿಂದ ಅವರು ಅಂಚಿನಲ್ಲಿ ಒಂದು ಪುಟ್ಟ ಗುರುತು ಹಾಕತೊಡಗಿದರು. ಮೊದಲು ದೀಪ, ಆಮೇಲೆ ಲಂಗರು, ಹಡಗಿನ ಮೂತಿ, ಬೆರಳು ತೋರಿಸುವ ಕೈ. 1860ರಿಂದ ಜೇನುನೊಣ, 1880ರಿಂದ ಹಣ್ಣುಹೂವು ತುಂಬಿದ ಕೊಂಬು. ಪಕ್ಕದಲ್ಲಿ ಲೋಹದ ಹೆಸರು ಫ್ರೆಂಚ್‌ನಲ್ಲಿ. ಇದರಿಂದ ಏನು ಪ್ರಯೋಜನ ಅಂದರೆ, ಆ ಟಂಕಸಾಲೆಯವರು ಹಳೆ ಅಚ್ಚುಗಳನ್ನು ಜೋಪಾನ ಮಾಡಿಟ್ಟು ಮತ್ತೆ ಮತ್ತೆ ಪದಕ ಹೊಡೆದಿದ್ದಾರೆ. ಮುಖದ ಮೇಲೆ ನೆಪೋಲಿಯನ್, 1804 ಅಂತ ಇಸವಿ. ನೀವು ಕುಣಿದಾಡುತ್ತೀರಿ. ಅಂಚಿನಲ್ಲಿ ಕೊಂಬಿದ್ದರೆ ಅದು 1880 ಆದ ಮೇಲೆ ಹೊಡೆದದ್ದು, ಮಾತು ಮುಗಿಯಿತು. ಸುಳ್ಳು ಪದಕ ಅಂತಲ್ಲ, ಅಚ್ಚು ಅದೇ ಕಾಲದ್ದಿರಬಹುದು, ಪದಕ ಮಾತ್ರ ಆಮೇಲಿನದು.

ಅಂಚಿನ ಸುತ್ತಲೂ ತೆಳ್ಳಗೆ ಒಂದು ಗೆರೆ ಕಂಡರೂ ಹುಷಾರು. ಎರಡು ಅರ್ಧಗಳನ್ನು ಅಂಟಿಸಿದ್ದು ಅಥವಾ ಅಚ್ಚಿಗೆ ಲೋಹ ಸುರಿದು ಮಾಡಿದ ನಕಲು ಇರಬಹುದು.

ನಿಮ್ಮದು ಹಳದಿ ಬಣ್ಣದ ತೆಳು ಬಿಲ್ಲೆಯಾಗಿ, ಮೇಲೆ ಮೂರು ಕಿರೀಟ, ಮೂರು ಲಿಲಿ ಹೂವು ಒಂದರ ಪಕ್ಕ ಒಂದು ಸುತ್ತಿಕೊಂಡಿದ್ದರೆ, ಚಿನ್ನ ಅಂದುಕೊಳ್ಳಬೇಡಿ. ಅದು ಜರ್ಮನಿಯ ನ್ಯೂರೆಂಬರ್ಗ್‌ನ ಹಿತ್ತಾಳೆ ಲೆಕ್ಕದ ಬಿಲ್ಲೆ. ಗೆರೆ ಎಳೆದ ಹಲಗೆಯ ಮೇಲೆ ಇವನ್ನಿಟ್ಟು ಕೂಡಿ ಕಳೆಯುತ್ತಿದ್ದರು. ಕೆಳಗಿನ ಗೆರೆಯ ಬಿಲ್ಲೆಗೆ ಬೆಲೆ ಒಂದು, ಅದರ ಮೇಲಿನ ಗೆರೆಯದಕ್ಕೆ ಹತ್ತು, ನಡುವಿನ ಜಾಗದ್ದಕ್ಕೆ ಐದು. ಇವನ್ನು ಮಾಡುತ್ತಿದ್ದ ಹಾನ್ಸ್ ಕ್ರಾವಿಂಕೆಲ್‌ನ ಹೆಸರು ಕಂಡರಂತೂ ಅನುಮಾನವೇ ಬೇಡ.

ಈಗ ಆ 117. ನನ್ನ ಲೆಕ್ಕದಲ್ಲಿ ಡಬ್ಬಿಯಲ್ಲಿ ಮಜಾ ಇರುವುದು ಅದರಲ್ಲೇ. ತೂತು, ನಂಬರು, ಬೇರೇನೂ ಇಲ್ಲ ಅಂದರೆ ಅದು ಕೆಲಸದ ಬಿಲ್ಲೆ ಇರಬಹುದು. ಕಾರ್ಖಾನೆಯಲ್ಲಿ ಉಪಕರಣ ತೆಗೆದುಕೊಳ್ಳುವಾಗ ಕೆಲಸಗಾರ ತನ್ನ ನಂಬರಿನ ಬಿಲ್ಲೆ ಕೊಡುತ್ತಿದ್ದ. ಉಪಕರಣ ಇದ್ದ ಮೊಳೆಗೆ ಅದನ್ನು ತೂಗುಹಾಕುತ್ತಿದ್ದರು, ಯಾರು ಒಯ್ದರು ಅಂತ ಗೊತ್ತಾಗಲು. ಕಲ್ಲಿದ್ದಲ ಗಣಿಯಲ್ಲೂ ಹೀಗೇ. ಕೆಳಗಿಳಿಯುವ ಮುಂಚೆ ದೀಪದ ಕೋಣೆಯಲ್ಲಿ ಬಿಲ್ಲೆ ಕೊಟ್ಟು ದೀಪ ಪಡೆಯಬೇಕು. ಮೇಲೆ ಬಂದಾಗ ದೀಪ ಕೊಟ್ಟು ಬಿಲ್ಲೆ ವಾಪಸ್. ಕೆಳಗೆ ಏನಾದರೂ ಅನಾಹುತ ಆದರೆ, ಯಾರು ಯಾರು ಒಳಗೆ ಸಿಕ್ಕಿಕೊಂಡಿದ್ದಾರೆ ಅಂತ ತಿಳಿಯಲು ಆ ಬಿಲ್ಲೆಗಳನ್ನು ನೋಡುತ್ತಿದ್ದರು. ನಿಮ್ಮದರ ತೂತನ್ನು ಭೂತಗನ್ನಡಿಯಲ್ಲಿ ನೋಡಿ. ಮೇಲ್ಭಾಗ ಸವೆದು ಉದ್ದಕ್ಕಾಗಿದ್ದರೆ ಅದು ವರ್ಷಗಟ್ಟಲೆ ಮೊಳೆಯ ಮೇಲೆ ತೂಗಿದೆ. ಅಜ್ಜ ಎಲ್ಲಿ ಕೆಲಸ ಮಾಡುತ್ತಿದ್ದರು, ಅವರ ನಂಬರು ಏನಿತ್ತು? ಮನೆಯಲ್ಲಿ ಹಿರಿಯರನ್ನು ಇವತ್ತೇ ಕೇಳಿ. ಆ ಉತ್ತರ ಯಾವ ಪುಸ್ತಕದಲ್ಲೂ ಸಿಗೋದಿಲ್ಲ.

ತಿಕ್ಕಿ ತೊಳೆಯಬೇಡಿ. ನನ್ನ ಮೊದಲ ಕಂಚಿನ ಪದಕವನ್ನು ಹಿತ್ತಾಳೆ ಪಾಲಿಶ್ ಹಾಕಿ ಫಳಫಳ ಮಾಡಿದ್ದೆ. ಏನೋ ಸಾಧಿಸಿದ ಖುಷಿ. ನೂರು ವರ್ಷ ಕೂತಿದ್ದ ಕಂದು ಬಣ್ಣ ಹತ್ತು ನಿಮಿಷದಲ್ಲಿ ಹೋಯಿತು. ಈಗ ಅದು ಬಾಗಿಲಿನ ಹಿಡಿಯ ಥರ ಕಾಣುತ್ತದೆ. ಸುಮ್ನೆ ಬಿಟ್ಟಿದ್ದರೆ ಸಾಕಿತ್ತು. ಮೆತ್ತಗಿನ ಪಿವಿಸಿ ಜೇಬುಗಳ ಆಲ್ಬಂ ಕೂಡ ಬೇಡ. ಅದರಿಂದ ಒಸರುವ ಅಂಟು ತಾಮ್ರಕ್ಕೆ ತಾಗಿ ಹಸಿರು ಕಿಲುಬು ಹಿಡಿಯುತ್ತದೆ. ಮೈಲಾರ್ ಎಂಬ ಗಟ್ಟಿ ಪಾಲಿಯೆಸ್ಟರ್ ಹಾಳೆಯ ಜೇಬು ತಗೊಳ್ಳಿ, ಇಲ್ಲವೇ ಒಂದೊಂದನ್ನೂ ಆಸಿಡ್ ಇಲ್ಲದ ಕಾಗದದ ಲಕೋಟೆಗೆ ಹಾಕಿ. ಎಲ್ಲಿ ಸಿಕ್ಕಿತು ಅಂತ ಲಕೋಟೆಯ ಮೇಲೆ ಮೊದಲೇ ಬರೆದುಕೊಳ್ಳಿ.

ಬೆಲೆ ಎಷ್ಟು ಅಂತ ಕೇಳಿದ್ದೀರಿ. ನೋಡದೆ ಹೇಳಿದರೆ ಅದು ಕಣಿ ಹೇಳಿದ ಹಾಗೆ. ಪ್ರತಿಯೊಂದರದ್ದೂ ಮುಂದೆ, ಹಿಂದೆ, ಅಂಚು, ಮೂರು ಫೋಟೋ ಹಾಕಿ. ಅಗಲ ಮಿಲಿಮೀಟರಿನಲ್ಲಿ, ತೂಕ ಗ್ರಾಮಿನಲ್ಲಿ. ಬೆಳಕು ಪಕ್ಕದಿಂದ ಬೀಳಲಿ, ಸವೆದ ಅಕ್ಷರವೂ ಆಗ ಎದ್ದು ಕಾಣುತ್ತದೆ. 117 ಅನ್ನು ಮೊದಲು ಹಾಕಿ, ಉಳಿದವು ನಿಧಾನಕ್ಕೆ ಬರಲಿ.