ಡಬ್ಬಿಯಲ್ಲಿ ಸಿಕ್ಕ ಬಸ್ ಟಿಕೆಟ್

ಪತ್ರ: ನಮ್ಮ ಗೇರುಬೀಜ ಕಾರ್ಖಾನೆಗೆ ಹೊಸ ಕಟಿಂಗ್ ಯಂತ್ರ ಬಂದಿದೆ. ಕೆಲಸಗಾರರೂ ಹೊಸ ಐಡಿಯಾ ಕೊಡಲಿ ಎಂದು ಸಲಹೆ ಡಬ್ಬಿ ಇಟ್ಟೆವು, ಫಾರ್ಮನ್ನೂ ಮಾಡಿಸಿದೆವು (ಪ್ರತಿ ಲಗತ್ತಿಸಿದ್ದೇನೆ). ಮೂರು ತಿಂಗಳಲ್ಲಿ ಸಿಕ್ಕಿದ್ದು ಎರಡು ಬಸ್ ಟಿಕೆಟ್. ಇವರಿಗೆ ಆಸಕ್ತಿಯೇ ಇಲ್ಲ, ಅಲ್ವಾ?
— ಪ್ರೊಡಕ್ಷನ್ ಮ್ಯಾನೇಜರ್, ಬೈಕಂಪಾಡಿ

ಉತ್ತರ: ಟಿಕೆಟಿನ ವಿಷಯ ಮುಚ್ಚಿಡದೆ ಬರೆದಿರಲ್ಲ, ಸಂತೋಷ ಮಾರಾಯ್ರೆ. ನಿಮ್ಮ ಕಷ್ಟವೂ ಇದೆ. ಬೀಜ ತುಂಡಾದರೆ ದರ ಬೀಳುತ್ತದೆ, ಒಬ್ಬೊಬ್ಬರು ಒಂದೊಂದು ರೀತಿ ಯಂತ್ರ ನಡೆಸಿದರೆ ಆಗುವುದಿಲ್ಲ. ಒಪ್ಪಿದೆ.

ಆದರೆ ನಿಮ್ಮ ಫಾರ್ಮ್ ನೋಡಿದೆ. ಪೂರ್ತಿ ಇಂಗ್ಲಿಷ್! ಎಷ್ಟು ರೂಪಾಯಿ ಉಳಿತಾಯ ಆಗುತ್ತದೆ ಎಂಬ ಕಾಲಂ ಬೇರೆ. ಸಣ್ಣ ಬೀಜ, ದೊಡ್ಡ ಬೀಜ ಬೆರೆತರೆ ಬ್ಲೇಡು ತಿರುಳನ್ನೇ ಕೊಯ್ಯುತ್ತದೆ ಅಂತ ಇಪ್ಪತ್ತು ವರ್ಷ ಬೀಜ ಒಡೆದ ಅಕ್ಕನಿಗೆ ಗೊತ್ತು, ಅದನ್ನು ಅವರು ಯಾವ ಕಾಲಮ್ಮಿನಲ್ಲಿ ಬರೆಯಬೇಕು?

ನಾನು ಮೊದಲು ಇದ್ದ ಪ್ರೆಸ್ಸಿಗೆ ಆಫ್‌ಸೆಟ್ ಮುದ್ರಣ ಯಂತ್ರ ಬಂದ ವರ್ಷ, ಜುಲೈ ಮಳೆ. ಕಾಗದದ ಅಂಚು ಹಪ್ಪಳದ ಹಾಗೆ ಏಳುತ್ತಿತ್ತು, ಎರಡೆರಡು ಹಾಳೆ ಒಟ್ಟಿಗೆ ಹೋಗಿ ಯಂತ್ರ ನಿಲ್ಲುತ್ತಿತ್ತು. ಇಂಜಿನಿಯರ್ ಬಂದು ಮೂರು ದಿನ ಲಾಡ್ಜಿನಲ್ಲಿ ಉಳಿದರು. ಕೊನೆಗೆ ಬೈಂಡಿಂಗಿನ ಹಿರಿಯರೊಬ್ಬರು ಗೋಡೌನಿನ ರೀಮುಗಳನ್ನು ಹಿಂದಿನ ದಿನವೇ ಯಂತ್ರದ ಕೋಣೆಗೆ ತಂದು, ಕಟ್ಟು ಬಿಚ್ಚದೆ ಇಟ್ಟರು. ಅಷ್ಟೇ, ಕಾಗದ ಕೋಣೆಯ ಹವೆಗೆ ಹೊಂದಿಕೊಂಡು ಅಂಚು ಏಳುವುದು ನಿಂತಿತು. ಮೊದಲೇ ಹೇಳಬಾರದಿತ್ತಾ ಅಂದೆ. "ಮೀಟಿಂಗ್ ಇಂಗ್ಲಿಷಿನಲ್ಲಿತ್ತಲ್ಲ, ನಾನು ಚಾ ಕುಡಿದು ಬಂದೆ" ಅಂದರು.

ಕ್ಯಾಮೆರಾ, ಫಿಲ್ಮ್‌ಗೆ ಹೆಸರಾದ ಅಮೆರಿಕದ ಕೊಡಾಕ್ ಕಂಪನಿ 1898ರಲ್ಲೇ ಸಲಹೆಗೆ ಬಹುಮಾನ ಕೊಡಲು ಶುರು ಮಾಡಿತು. ಮೊದಲ 2 ಡಾಲರ್ ಹೋಗಿದ್ದು ಕಿಟಕಿ ತೊಳೆಯಿರಿ, ಬೆಳಕು ಬರಲಿ ಅಂದ ಕೆಲಸಗಾರನಿಗೆ. ಅದೇ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದಾಗ ಮಾತ್ರ ದೊಡ್ಡವರಿಗೆ ಅದಕ್ಕಿಂತ ಫಿಲ್ಮ್ ವ್ಯಾಪಾರವೇ ಮುಖ್ಯವಾಯಿತು. 2012ರಲ್ಲಿ ದಿವಾಳಿ ಅರ್ಜಿ ಹಾಕಿದರು. ಡಬ್ಬಿ ಇಟ್ಟರೆ ಸಾಲದು, ನೋಡಿ.

ಸುಮ್ನೆ ನಿಮ್ಮೊಬ್ಬರನ್ನು ಬೈದು ಏನು ಪ್ರಯೋಜನ? ಬ್ಯಾಂಕಿನ ಚಲನ್‌ನಿಂದ ಹಿಡಿದು ಯಂತ್ರದ ಮೇಲಿನ 'ಕೈ ಹಾಕಬೇಡಿ' ಫಲಕದವರೆಗೆ, ಓದಬೇಕಾದವರಿಗೆ ಬಾರದ ಭಾಷೆಯಲ್ಲೇ ಬರೆಯುವ ಚಾಳಿ ನಮ್ಮೂರಿಗೇ ಅಂಟಿದೆ. ಬದಲಾವಣೆ ಬಗ್ಗೆ ಪಾಠ ಮಾಡಲು ಬೆಂಗಳೂರಿನಿಂದ ಬರುವವರು ನೂರು ಸ್ಲೈಡ್ ತೋರಿಸಿ ಮಧ್ಯಾಹ್ನ ಅಂಜಲ್ ಫ್ರೈ ತಿಂದು ಹೋಗುತ್ತಾರೆ. ಒಂದು ಸಲ ತುಳುವಿನಲ್ಲಿ "ನಿಮಗೇನು ಕಾಣುತ್ತದೆ ಅಕ್ಕ?" ಅಂತ ಕೇಳುವವರಿಲ್ಲ. ಶನಿವಾರ ಚಾ ಹೊತ್ತಿಗೆ ನೀವೇ ಕೇಳಿ. ಹೇಳಿದ್ದನ್ನು ಪುಸ್ತಕದಲ್ಲಿ ಬರೆದು, ಏನು ಮಾಡಿದಿರಿ, ಏಕೆ ಮಾಡಲಿಲ್ಲ ಅಂತ ಮುಂದಿನ ಶನಿವಾರ ಅವರ ಎದುರೇ ಹೇಳಿ.

ಅಂದ ಹಾಗೆ, ಆ ಎರಡು ಟಿಕೆಟಿನ ಹಿಂಬದಿ ನೋಡಿದ್ದೀರಾ?