ಟಿ3, ಟಿ4 ಸರಿಯಿದ್ದೂ ಟಿಎಸ್‌ಎಚ್ ಮಾತ್ರ ಏಕೆ ಇಳಿಯುತ್ತಿಲ್ಲ?

ನೀವು ಕೊಟ್ಟ ವಿವರ ಇಷ್ಟು: ವಯಸ್ಸು 34, ತೂಕ 62 ಕಿಲೊ. ಮೂರು ತಿಂಗಳ ಹಿಂದೆ ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 18.4 ಬಂದಾಗ ವೈದ್ಯರು 50 ಮೈಕ್ರೊಗ್ರಾಂ ಥೈರಾಕ್ಸಿನ್ (ಅಂದರೆ ಟಿ4) ಮಾತ್ರೆ ಕೊಟ್ಟರು. ಈಗ ಅದು 7.9ಕ್ಕೆ ಇಳಿದಿದೆ, ಆದರೆ ಇನ್ನೂ ಮಿತಿಗಿಂತ ಮೇಲಿದೆ; ಥೈರಾಯ್ಡ್ ಗ್ರಂಥಿಯ ಹಾರ್ಮೋನುಗಳಾದ ಟಿ3, ಟಿ4 ಎರಡೂ ಮಿತಿಯೊಳಗಿವೆ. ಆದರೂ ವೈದ್ಯರು ಮಾತ್ರೆಯನ್ನು 75ಕ್ಕೆ ಏರಿಸಿದ್ದಾರೆ. ಹಾರ್ಮೋನು ಸರಿಯಿರುವಾಗ ಮಾತ್ರೆ ಏರಿಸುವುದೇಕೆ, ಇದು ಜೀವನಪೂರ್ತಿ ಬೇಕೇ, ಎಲೆಕೋಸು ಬಿಡಬೇಕೇ, ಎರಡನೇ ಮಗುವಿಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಇವೆಲ್ಲದರ ನಡುವೆ, ಬೆಳಿಗ್ಗೆ ಮಾತ್ರೆ ನುಂಗಿ ಕೂಡಲೇ ಕಾಫಿ ಕುಡಿಯುತ್ತೇನೆ, ತಿಂಡಿಯಾದ ಮೇಲೆ ರಕ್ತಹೀನತೆಗೆಂದು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದೂ ಬರೆದಿದ್ದೀರಿ. ನನ್ನ ಕಣ್ಣು ಮೊದಲು ನಿಂತದ್ದು ಆ ಸಾಲಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ವೈದ್ಯೆಯಲ್ಲ. ದಾವಣಗೆರೆಯಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ, ಸ್ವತಃ ಹಲವು ವರ್ಷಗಳಿಂದ ಇದೇ ಮಾತ್ರೆಯ ಮೇಲಿದ್ದೇನೆ. ಆದ್ದರಿಂದ ವರದಿಯ ಎರಡೂ ಬದಿಯನ್ನು ಬಲ್ಲೆ. ಮಾತ್ರೆಯ ಪ್ರಮಾಣವನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಅವರ ಮುಂದೆ ಯಾವ ಮಾಹಿತಿ ಇಡಬೇಕು ಎಂಬುದನ್ನು ನಾನು ಹೇಳಬಲ್ಲೆ.

ಮೊದಲು ಟಿಎಸ್‌ಎಚ್. ಹೆಸರಿನಲ್ಲಿ ಥೈರಾಯ್ಡ್ ಇದ್ದರೂ ಅದನ್ನು ಸ್ರವಿಸುವುದು ಥೈರಾಯ್ಡ್ ಗ್ರಂಥಿಯಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಟಿ4 ಸಾಲದೆಂದು ಕಂಡಾಗ ಪಿಟ್ಯುಟರಿಯು, ಕೆಲಸ ನಿಂತ ಅಡುಗೆಮನೆಯತ್ತ ಹಿರಿಯರು ದನಿ ಏರಿಸುವ ಹಾಗೆ, ಟಿಎಸ್‌ಎಚ್ ಏರಿಸುತ್ತದೆ. ಸಾಕೆನಿಸಿದಾಗ ಇಳಿಸುತ್ತದೆ. ಹಾಗಾಗಿ ಟಿಎಸ್‌ಎಚ್ ಹೆಚ್ಚಿದೆ ಎಂದರೆ ದೇಹಕ್ಕೆ ಹಾರ್ಮೋನು ಕಡಿಮೆ ಬೀಳುತ್ತಿದೆ ಎಂದರ್ಥ. ಹೊಸಬರಿಗೆ ಈ ತಲೆಕೆಳಗಾದ ಲೆಕ್ಕವೇ ಗೊಂದಲ ಹುಟ್ಟಿಸುತ್ತದೆ. ‘ಥೈರಾಯ್ಡ್ ಜಾಸ್ತಿಯಾಗಿದೆ, ಮಾತ್ರೆ ಕಡಿಮೆ ಮಾಡಲೇ’ ಎಂದು ಲ್ಯಾಬಿನ ಕಿಟಕಿಯಲ್ಲೇ ಕೇಳುವವರು ಬಹಳ ಮಂದಿ.

ಹಾಗಾದರೆ ಟಿ4 ಮಿತಿಯೊಳಗೆ ಇದೆಯಲ್ಲ? ಇದೆ. ನೀವು ಬರೆದಿರುವ ಅಂಕಿಯನ್ನೇ ನೋಡಿ: ಟಿ4 5.8, ಪಕ್ಕದಲ್ಲಿ ಮಿತಿ 5.1ರಿಂದ 14.1. ಒಳಗಿದೆ, ಆದರೆ ತಳಕ್ಕೆ ಅಂಟಿಕೊಂಡಂತಿದೆ. ಸಾಮಾನ್ಯವಾಗಿ ಈ ಮಿತಿಯನ್ನು ಆರೋಗ್ಯವಂತರ ದೊಡ್ಡ ಗುಂಪನ್ನು ಪರೀಕ್ಷಿಸಿ, ಅವರಲ್ಲಿ ಮಧ್ಯದ ಶೇ 95 ಮಂದಿಯ ಅಂಕಿಗಳನ್ನು ಇಟ್ಟುಕೊಂಡು ಮಾಡಿರುತ್ತಾರೆ. ಅದು ಊರಿನ ಮಿತಿ, ನಿಮ್ಮದಲ್ಲ. ಒಬ್ಬೊಬ್ಬರ ದೇಹವೂ ತನ್ನ ಟಿ4 ಮಟ್ಟವನ್ನು ಆ ಹರವಿನೊಳಗೆ ಒಂದು ಕಿರಿದಾದ ಜಾಗದಲ್ಲಿ ಹಿಡಿದಿಟ್ಟಿರುತ್ತದೆ. ಆರೋಗ್ಯವಾಗಿದ್ದಾಗ ನಿಮ್ಮದು 9ರ ಆಸುಪಾಸಿನಲ್ಲಿ ಇದ್ದಿದ್ದರೆ ಇಂದಿನ 5.8 ಕಾಗದದ ಮೇಲೆ ಸರಿ, ನಿಮ್ಮ ಪಿಟ್ಯುಟರಿಯ ಕಣ್ಣಿಗೆ ಕೊರತೆ. ಇಷ್ಟೇ ಅಲ್ಲ, ಟಿ4 ಸ್ವಲ್ಪ ಕುಸಿದರೆ ಟಿಎಸ್‌ಎಚ್ ಹಲವು ಪಟ್ಟು ಜಿಗಿಯುತ್ತದೆ. ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ಏರಬಹುದು ಎಂಬುದು ಪಠ್ಯಪುಸ್ತಕದ ಲೆಕ್ಕ. ಅದಕ್ಕೇ ವೈದ್ಯರು ಟಿಎಸ್‌ಎಚ್ ನೋಡಿ ಮಾತ್ರೆ ಹೊಂದಿಸುವುದು.

ಟಿ3 ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹೈಪೊಥೈರಾಯ್ಡಿಸಂನಲ್ಲಿ, ಅಂದರೆ ಥೈರಾಯ್ಡ್ ಹಾರ್ಮೋನು ಸಾಲದ ಈ ಕಾಯಿಲೆಯಲ್ಲಿ, ಎಲ್ಲಕ್ಕಿಂತ ಕೊನೆಗೆ ಬೀಳುವುದು ಅದೇ. ಟಿ4 ಸಾಲದಿದ್ದಾಗ ದೇಹವು ಇದ್ದಬದ್ದ ಟಿ4ನ್ನೇ ಹೆಚ್ಚು ಹೆಚ್ಚಾಗಿ ಟಿ3 ಆಗಿ ಬದಲಿಸಿಕೊಂಡು ಅದನ್ನು ಕಾಪಾಡುತ್ತದೆ. ಮಾತ್ರೆ ಸಾಕೇ ಎಂದು ತಿಳಿಯಲು ಟಿ3 ಅಷ್ಟಾಗಿ ಉಪಯೋಗಕ್ಕೆ ಬಾರದು. ಮೂರೂ ಸೇರಿದ ಪ್ರೊಫೈಲ್ ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ನಿಮ್ಮಂಥವರಿಗೆ ಟಿಎಸ್‌ಎಚ್ ಒಂದು, ಬೇಕಿದ್ದರೆ ಜೊತೆಗೆ ಫ್ರೀ ಟಿ4 ಸಾಕಾಗುತ್ತದೆ. ಫ್ರೀ ಟಿ4 ಏಕೆಂದರೆ, ಟಿ4ರ ಬಹುಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ಓಡಾಡುತ್ತದೆ, ಕೆಲಸಕ್ಕೆ ಬರುವುದು ಬಿಡಿಯಾಗಿರುವ ಅತಿ ಸಣ್ಣ ಭಾಗ ಮಾತ್ರ. ಬಸುರಿಯಾದಾಗ ಅಥವಾ ಗರ್ಭನಿರೋಧಕ ಮಾತ್ರೆ ನುಂಗುವಾಗ ಆ ಪ್ರೋಟೀನು ಹೆಚ್ಚಿ, ಒಟ್ಟು ಟಿ4 ಅಂಕಿ ಸುಮ್ಮನೆ ಉಬ್ಬಿ ಕಾಣುತ್ತದೆ.

ಇನ್ನೊಂದು ಗಾಬರಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಹಳೆಯ ವರದಿಯಲ್ಲಿ ಟಿ3 1.05, ಹೊಸದರಲ್ಲಿ 105 ಎಂದಿದ್ದೀರಿ. ಒಂದು ಲ್ಯಾಬ್ ಮಿಲಿಲೀಟರಿಗೆ ನ್ಯಾನೊಗ್ರಾಂ ಎಂದು ಬರೆದಿದೆ, ಇನ್ನೊಂದು ಡೆಸಿಲೀಟರಿಗೆ. ಎರಡೂ ಒಂದೇ ಮೊತ್ತ.

ಈಗ ಕಾಫಿ ಮತ್ತು ಕಬ್ಬಿಣ. ಥೈರಾಕ್ಸಿನ್ ತುಂಬಾ ಸೂಕ್ಷ್ಮ ಮಾತ್ರೆ. ಕಬ್ಬಿಣ, ಕ್ಯಾಲ್ಸಿಯಂ, ಕೆಲವು ಆ್ಯಸಿಡಿಟಿ ಔಷಧಿಗಳು ಕರುಳಿನಲ್ಲೇ ಅದನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಕಾಫಿಯೂ ಹೀರಿಕೆಯನ್ನು ತಗ್ಗಿಸುತ್ತದೆ. ಡಿಕಾಕ್ಷನ್ ಗಟ್ಟಿ ಹಾಕಿ ಕುಡಿಯುವ ನಮ್ಮಂಥವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಕ್ರಮ ಹೀಗಿರಲಿ: ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕಬ್ಬಿಣಕ್ಕೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆಯ ಅಂತರ, ಅಂದರೆ ಕಬ್ಬಿಣವನ್ನು ಮಧ್ಯಾಹ್ನಕ್ಕೋ ರಾತ್ರಿಗೋ ದೂಡಿ. ಬೆಳಗಿನ ಕಾಫಿ ಬಿಟ್ಟಿರಲಾರೆ ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ಮಾತ್ರೆ ನುಂಗಬಹುದೇ ಎಂದು ವೈದ್ಯರನ್ನು ಕೇಳಬಹುದು. ಮಾತ್ರೆಗಳನ್ನು ಅವು ಬಂದ ಬಾಟಲಿಯಲ್ಲೇ, ಮುಚ್ಚಳ ಬಿಗಿ ಮಾಡಿ, ಒಲೆಯ ಬಿಸಿ ತಾಗದ ಕಡೆ ಇಡಿ. ಸೆಕೆ, ತೇವ ಎರಡೂ ಅದರ ಕಸುವು ಕುಂದಿಸುತ್ತವೆ.

ಹಾಗಾದರೆ 75 ಬೇಡವೇ? ಹಾಗೆ ನಾನು ಹೇಳುತ್ತಿಲ್ಲ. ಗ್ರಂಥಿ ಪೂರ್ತಿ ಸೋತವರಿಗೆ ದಿನಕ್ಕೆ ಕಿಲೊ ತೂಕಕ್ಕೆ ಸುಮಾರು 1.6 ಮೈಕ್ರೊಗ್ರಾಂ ಬೇಕೆಂಬ ಲೆಕ್ಕವಿದೆ. 62 ಕಿಲೊಗೆ ಅದು ಹತ್ತಿರಹತ್ತಿರ 100 ಆಗುತ್ತದೆ. ನಿಮ್ಮ ಗ್ರಂಥಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿರಬಹುದು, ಆದ್ದರಿಂದ 75 ಅತಿಯೇನಲ್ಲ. ಆದರೆ ಕಾಫಿ, ಕಬ್ಬಿಣದ ವಿಷಯ ನಿಮ್ಮ ವೈದ್ಯರಿಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಇಂದೇ ಫೋನ್ ಮಾಡಿ ಹೇಳಿ. ಪ್ರಮಾಣವನ್ನೂ ಏರಿಸಿ, ನುಂಗುವ ಕ್ರಮವನ್ನೂ ಒಟ್ಟಿಗೆ ಸರಿಪಡಿಸಿದರೆ ಮುಂದಿನ ಸಲ ಟಿಎಸ್‌ಎಚ್ 0.1ಕ್ಕೆ ಬಿದ್ದು, ಎದೆ ಡವಗುಟ್ಟಿ, ಬೆವರಿ, ಮತ್ತೆ ಇಳಿಸುವ ಸರದಿ ಬರಬಹುದು. ಮಾತ್ರೆ ಹೆಚ್ಚಾದದ್ದು ದೀರ್ಘಕಾಲ ಹಾಗೇ ಉಳಿದರೆ ಮೂಳೆ ಸವೆಯುತ್ತದೆ, ಹೃದಯದ ಲಯ ತಪ್ಪುವ ಅಪಾಯವೂ ಇದೆ. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಅದಕ್ಕೇ ಎಪ್ಪತ್ತು ದಾಟಿದವರಿಗೆ ಟಿಎಸ್‌ಎಚ್ 5ರ ಆಸುಪಾಸಿನಲ್ಲಿದ್ದರೂ ವೈದ್ಯರು ಸುಮ್ಮನಿರುವುದುಂಟು. ನೀವು ಬರೆದಿರುವ ನಿಮ್ಮ ಅತ್ತೆಯವರ ಟಿಎಸ್‌ಎಚ್ 5.2ನ್ನೂ ನಿಮ್ಮ 7.9ನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಪ್ರಮಾಣ ಬದಲಾದ ಮೇಲೆ ಆರರಿಂದ ಎಂಟು ವಾರ ಕಾಯಿರಿ. ಇದರಲ್ಲಿ ಅವಸರ ಸಲ್ಲದು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು; ಹೊಸ ಪ್ರಮಾಣ ನೆಲೆ ನಿಂತು, ಪಿಟ್ಯುಟರಿ ಅದನ್ನು ನಂಬುವ ಹೊತ್ತಿಗೆ ಆರು ವಾರ ಕಳೆದಿರುತ್ತದೆ. ಎರಡು ವಾರಕ್ಕೇ ಪರೀಕ್ಷೆ ಮಾಡಿಸಿದರೆ ಹಣ ಹೋಗುತ್ತದೆ, ನಿದ್ದೆಯೂ ಹೋಗುತ್ತದೆ. ಇದೇ ಕಾರಣಕ್ಕೆ ಒಂದು ದಿನ ಮಾತ್ರೆ ಮರೆತರೆ ಪ್ರಳಯವಾಗುವುದಿಲ್ಲ. ಆದರೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ನುಂಗಿ, ಪರೀಕ್ಷೆಯ ಹಿಂದಿನ ವಾರ ಮಾತ್ರ ಶಿಸ್ತಾಗಿ ನುಂಗಿ ಬರುವವರ ವರದಿ ಸತ್ಯ ಹೇಳಿಬಿಡುತ್ತದೆ: ಟಿ4 ಚೆನ್ನಾಗಿರುತ್ತದೆ, ಟಿಎಸ್‌ಎಚ್ ಮಾತ್ರ ಎತ್ತರದಲ್ಲೇ ಇರುತ್ತದೆ. ಇಂಥ ವರದಿ ನೋಡಿದಾಗ ನನಗೆ ಅವರ ಮೇಲೆ ಕೋಪ ಬರುವುದಿಲ್ಲ, ಸಂಕಟವಾಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಮನೆಮಂದಿಗೆಲ್ಲ ಡಬ್ಬಿ ಕಟ್ಟುವ ಹೆಂಗಸಿಗೆ ತನ್ನ ಮಾತ್ರೆಯೇ ಕೊನೆಗೆ ನೆನಪಾಗುವುದು.

ಪರೀಕ್ಷೆಯ ದಿನದ ಮಾತು. ರಕ್ತ ಕೊಟ್ಟ ನಂತರ ಮಾತ್ರೆ ನುಂಗಿ, ಏಕೆಂದರೆ ನುಂಗಿದ ಕೆಲವು ಗಂಟೆ ಫ್ರೀ ಟಿ4 ಏರಿರುತ್ತದೆ. ಟಿಎಸ್‌ಎಚ್‌ಗೆ ಉಪವಾಸ ಕಡ್ಡಾಯವಲ್ಲ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವುದು ಹೆಚ್ಚಾಗಿ ಜೊತೆಗಿರುವ ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಗಾಗಿ. ಆದರೆ ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ತಗ್ಗುತ್ತದೆ, ಹಾಗಾಗಿ ಪ್ರತಿ ಸಲವೂ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಂದೇ ಲ್ಯಾಬಿಗೆ ಹೋಗಿ. ನಾವು ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ಅದು ಹೆಪ್ಪುಗಟ್ಟುವ ತನಕ ನಿಲ್ಲಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇವೆ. ಕೆಳಗೆ ಕೆಂಪು, ನಡುವೆ ಜೆಲ್, ಮೇಲೆ ನಸುಹಳದಿ ಸೀರಂ. ಆ ಸೀರಂನಲ್ಲಿರುವ ಹಾರ್ಮೋನನ್ನು ಯಂತ್ರವು ಪ್ರತಿಕಾಯಗಳಿಂದ ಹಿಡಿದು, ಹೊಮ್ಮುವ ಬೆಳಕನ್ನು ಅಳೆದು ಅಂಕಿ ಕೊಡುತ್ತದೆ. ಒಂದೊಂದು ಕಂಪನಿಯ ಯಂತ್ರಕ್ಕೂ ಅದರದೇ ಪ್ರತಿಕಾಯ, ಅದರದೇ ಮಿತಿ. ಎರಡು ಲ್ಯಾಬುಗಳ ಅಂಕಿ ಅಕ್ಷರಶಃ ಹೊಂದದಿದ್ದರೆ ಯಾರೋ ಮೋಸ ಮಾಡಿದರೆಂದು ತಿಳಿಯಬೇಡಿ. ಒಂದೇ ವ್ಯಕ್ತಿಯಲ್ಲಿ, ಒಂದೇ ಪ್ರಮಾಣದ ಮಾತ್ರೆಯ ಮೇಲೆ ಟಿಎಸ್‌ಎಚ್ ಶೇ 40ರವರೆಗೂ ಆಚೀಚೆ ಆಗುವುದುಂಟು. 2.1 ಇದ್ದದ್ದು 2.8 ಆಯಿತೆಂದು ಕೊರಗಬೇಕಿಲ್ಲ; 18.4ರಿಂದ 7.9 ಮಾತ್ರ ನಿಜವಾದ ಇಳಿತ.

ಕೂದಲು ಉದುರುತ್ತದೆ ಎಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದೀರಾ? ಈ ಕಾಯಿಲೆಯವರಲ್ಲಿ ಕೂದಲು ಉದುರುವುದು ಸಾಮಾನ್ಯ, ಆದ್ದರಿಂದ ಕೇಳುತ್ತಿದ್ದೇನೆ. ಹಲವು ಯಂತ್ರಗಳ ರಾಸಾಯನಿಕ ಕ್ರಿಯೆಯಲ್ಲೇ ಬಯೋಟಿನ್ ಬಳಕೆಯಾಗುತ್ತದೆ. ನಿಮ್ಮ ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಬರುತ್ತದೆ. ಮಾತ್ರೆ ಅತಿಯಾಗಿದೆ ಎಂದು ತೋರುವ ಈ ವರದಿಯನ್ನು ನಂಬಿ ಪ್ರಮಾಣ ಇಳಿಸಿದರೆ ಅನ್ಯಾಯ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ, ರಕ್ತ ಕೊಡುವಾಗ ನಮಗೂ ಹೇಳಿ.

ಎಲೆಕೋಸು, ಹೂಕೋಸು ಬೇಯಿಸಿ ಎಂದಿನಷ್ಟು ತಿನ್ನಿ. ಅವು ಗ್ರಂಥಿ ಹಾರ್ಮೋನು ತಯಾರಿಸುವುದಕ್ಕೆ ಅಡ್ಡಿ ಮಾಡಬಲ್ಲವು, ಆದರೆ ಅತಿಯಾಗಿ, ಅಯೋಡಿನ್ ಕೊರತೆಯೂ ಇದ್ದಾಗ ಮಾತ್ರ. ಮಾತ್ರೆಯಲ್ಲಿ ಬರುತ್ತಿರುವುದು ತಯಾರಾದ ಹಾರ್ಮೋನು, ಅದಕ್ಕೆ ಪಲ್ಯ ಏನೂ ಮಾಡದು. ಅದಕ್ಕಿಂತ ನನಗೆ ಚಿಂತೆ, ಅಯೋಡಿನ್ ಉಪ್ಪು ಬಿಟ್ಟು ಮನೆಯವರೆಲ್ಲ ಸೈಂಧವ ಲವಣಕ್ಕೆ ಬದಲಾಗಿದ್ದೇವೆ ಎಂದು ನೀವು ಬರೆದದ್ದು. ಮನೆಯಲ್ಲಿ ಬೆಳೆಯುವ ಮಗುವಿದೆ, ದಯವಿಟ್ಟು ಅಯೋಡಿನ್ ಉಪ್ಪಿಗೇ ಮರಳಿ. ಹಾಗೆಂದು ಅಯೋಡಿನ್ ಪುಡಿ, ಕಡಲಪಾಚಿಯ ಕ್ಯಾಪ್ಸೂಲ್ ಕೊಳ್ಳಲೂ ಹೋಗಬೇಡಿ. ಅತಿ ಅಯೋಡಿನ್ ಕೂಡ ಈ ಗ್ರಂಥಿಯನ್ನು ಕೆಡಿಸುತ್ತದೆ.

ಜೀವನಪೂರ್ತಿಯೇ ಎಂಬುದಕ್ಕೆ, ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯವನ್ನು ಅಳೆಯುವ ಆ್ಯಂಟಿ ಟಿಪಿಒ ಪರೀಕ್ಷೆ ಒಂದು ಸುಳಿವು. ಅದು ಹೆಚ್ಚಿದ್ದರೆ, ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಮೊದಲು ವಿವರಿಸಿದ ಕಾಯಿಲೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಸವೆಸುತ್ತಿರುವ ಸಾಧ್ಯತೆ ಹೆಚ್ಚು; ಆಗ ಮಾತ್ರೆ ಬಹುತೇಕ ಜೀವನಪೂರ್ತಿ. ಒಮ್ಮೆ ಮಾಡಿಸಿದರೆ ಸಾಕು, ಪದೇ ಪದೇ ಬೇಡ. ‘ಜೀವನಪೂರ್ತಿ’ ಎಂಬುದು ನಿಮ್ಮನ್ನು ಹೆದರಿಸಿದೆ ಎಂದು ನಿಮ್ಮ ಬರಹದಲ್ಲೇ ಕಾಣುತ್ತದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರಿ ಎಂಬ ವೈದ್ಯರು, ಈ ಕೊರತೆಯಿಂದ ಊದಿಕೊಂಡು ಮಂಕಾಗಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ರಸದ ಚುಚ್ಚುಮದ್ದು ಕೊಟ್ಟರು. ಆಕೆ ಆ ಬಳಿಕ 28 ವರ್ಷ ಬದುಕಿದರು. ಆಗ ಕುರಿಯಿಂದ ತೆಗೆಯಬೇಕಿದ್ದ ಹಾರ್ಮೋನು ಈಗ ಮೈಕ್ರೊಗ್ರಾಂ ಲೆಕ್ಕದಲ್ಲಿ, ಕಡಿಮೆ ಬೆಲೆಗೆ, ಪ್ರತಿ ಊರಿನ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ದೇಹದಲ್ಲಿ ಇರಬೇಕಾದದ್ದನ್ನೇ ದೇಹಕ್ಕೆ ಕೊಡುತ್ತಿದ್ದೀರಿ.

ಎರಡನೇ ಮಗುವಿನ ವಿಷಯವನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಇದರಲ್ಲಿ ದಿನಗಳೂ ಮುಖ್ಯ. ಟಿಎಸ್‌ಎಚ್ ಹತೋಟಿಯಲ್ಲಿದ್ದರೆ ಮಗುವಿಗೆ ಭಯವಿಲ್ಲ. ಗರ್ಭ ಧರಿಸುವ ಮೊದಲೇ ಅದನ್ನು 2.5ಕ್ಕಿಂತ ಕೆಳಗೆ ತರಲು ವೈದ್ಯರು ಬಯಸುತ್ತಾರೆ, 7.9 ಇರುವಾಗ ಮಾತ್ರೆ ಏರಿಸಲು ಇದೊಂದೇ ಕಾರಣವೂ ಸಾಕು. ಹಾಗಾಗಿ ಮಗು ಬೇಕೆಂಬ ಯೋಚನೆ ಅವರಿಗೆ ತಿಳಿದಿರಲಿ. ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ತನ್ನದೇ ಹಾರ್ಮೋನು ಇರುವುದಿಲ್ಲ, ತಾಯಿಯದೇ ಆಧಾರ. ಅದಕ್ಕೇ ಮುಟ್ಟು ತಪ್ಪಿ, ಕಿಟ್ಟಿನಲ್ಲಿ ಎರಡು ಗೆರೆ ಕಂಡ ದಿನವೇ ವೈದ್ಯರಿಗೆ ತಿಳಿಸಿ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸಾಮಾನ್ಯವಾಗಿ ಆಗಲೇ ಪ್ರಮಾಣವನ್ನು ಕಾಲು ಭಾಗದಷ್ಟು ಏರಿಸುತ್ತಾರೆ. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಎಂದು ಹೇಳುವುದೂ ಉಂಟು. ಆ ಮಾತನ್ನು ಈಗಲೇ ಅವರೊಂದಿಗೆ ಆಡಿಕೊಂಡು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಆಮೇಲೆ ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್. ಹೆರಿಗೆಯಾದ ಮೇಲೆ ಹಳೆಯ ಪ್ರಮಾಣಕ್ಕೆ ಇಳಿಸಿ, ಆರು ವಾರಕ್ಕೆ ಇನ್ನೊಂದು ಪರೀಕ್ಷೆ. ಮಾತ್ರೆಯನ್ನು ಬಸುರಿನಲ್ಲೂ, ಹಾಲೂಡಿಸುವಾಗಲೂ ಒಂದು ದಿನವೂ ನಿಲ್ಲಿಸಬೇಕಿಲ್ಲ. ಯಾರಾದರೂ ನಿಲ್ಲಿಸು ಎಂದರೆ, ನಿಲ್ಲಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.